ದುಂಡಪ್ಪನ ಹಿಂದಿನ ಬಾಗಿಲು

"ಹಿಂದಿನ ಬಾಗಿಲು ಎಲ್ಲಿದೆ ಅಂತ ಯಾರಿಗೂ ಹೇಳಬೇಡ್ರಿ. ನಿಮ್ಮ ಬಾಯಿ ನಿಲ್ಲೋದಿಲ್ಲ. ಆಮೇಲೆ, ಆ ಆಮೆ ಬೆಟ್ಟ ಹತ್ತಿತೋ ಇಲ್ಲವೋ, ಕೇಳಿಕೊಂಡು ಬನ್ನಿ."

ಕಲ್ಲವ್ವ ಇಷ್ಟು ಹೇಳಿದಳು. ಮತ್ತೆ ಮಾತಾಡಲಿಲ್ಲ.

ಕಲ್ಲವ್ವ ಒಂದು ಹೆಗ್ಗಣ. ಅವಳ ಗಂಡ ದುಂಡಪ್ಪ. ಕೆರೆ ಏರಿಯ ಕೆಳಗೆ, ಕತ್ತಾಳೆ ಪೊದೆಯ ಹತ್ತಿರ ಅವರ ಬಿಲ. ಬಿಲಕ್ಕೆ ಮುಂದೊಂದು ಬಾಗಿಲು. ಅದು ಎಲ್ಲರಿಗೂ ಕಾಣುತ್ತಿತ್ತು. ಹಿಂದೊಂದು ಬಾಗಿಲು. ಅದನ್ನು ಕಲ್ಲವ್ವನೇ ತೋಡಿದ್ದು. ಮೇಲೆ ಸಡಿಲ ಮಣ್ಣು ಮುಚ್ಚಿದ್ದಳು. ನೋಡಿದರೆ ಬರೀ ನೆಲ.

ಕಾಡುಬೆಕ್ಕು ಬಂದು ಮುಂದೆ ಕೂತರೆ, ಗಂಡ ಹೆಂಡತಿ ಹಿಂದಿನಿಂದ ಜಾರಿಕೊಳ್ಳುತ್ತಿದ್ದರು. ಆ ಬಾಗಿಲು ಎಲ್ಲಿತ್ತು ಅಂತ ನಿಮಗೂ ಹೇಳೋದಿಲ್ಲ ಮಕ್ಕಳೇ. ನನಗೆ ಗೊತ್ತು. ಆದರೂ ಹೇಳೋದಿಲ್ಲ.

ಇನ್ನು ಆಮೆಯ ವಿಷಯ.

ಕೆರೆ ದಂಡೆಯಲ್ಲಿ ಒಂದು ಹೊಂಗೆ ಮರ. ಮರದಲ್ಲಿ ಒಂದು ಗೊರವಂಕ. ಹಗಲೆಲ್ಲ ಎಮ್ಮೆ ಬೆನ್ನ ಮೇಲೆ ಕೂತು ಊರು ಸುತ್ತುತ್ತಿತ್ತು. ಬಿಸಿಲು ಇಳಿದ ಮೇಲೆ ಮರಕ್ಕೆ ಬಂದು ಕತೆ ಹೇಳುತ್ತಿತ್ತು. ಹುಲಿಯ ದನಿ, ಕಪ್ಪೆಯ ದನಿ, ಬಂಡಿ ಗಾಲಿಯ ದನಿ, ಎಲ್ಲ ಮಾಡುತ್ತಿತ್ತು. ಕೇಳೋಕೆ ಏನೂ ಕೊಡಬೇಕಾಗಿರಲಿಲ್ಲ. ಪೂರಾ ಬಿಟ್ಟಿ. ಅಳಿಲು, ಮೊಲ, ಕಪ್ಪೆ, ಎಲ್ಲ ಬರುತ್ತಿದ್ದವು. ದುಂಡಪ್ಪ, ಕಲ್ಲವ್ವ ಇಬ್ಬರೂ ಬಂದು ಪಕ್ಕಪಕ್ಕ ಕೂರುತ್ತಿದ್ದರು.

ಆದರೆ ಕತೆ ಹೇಳುತ್ತ ಕೂತರೆ ಮಿಡತೆ ಹಿಡಿಯೋದು ಯಾವಾಗ? ಗೊರವಂಕಕ್ಕೂ ಹೊಟ್ಟೆ ಇದೆ. ಅದಕ್ಕೆ ಅದು ಕತೆಯ ನಡುವೆ ನಿಲ್ಲಿಸಿ ಕೂಗುತ್ತಿತ್ತು.

"ಮರಕುಟಿಗನ ಹತ್ತಿರ ಪೊಟರೆ ಕೊರೆಸಿಕೊಳ್ಳಿ! ಎಂಥ ಮಳೆ ಬಂದರೂ ಒಂದು ಹನಿ ಒಳಗೆ ಇಳಿಯೋದಿಲ್ಲ!"

ಕೂಗಿದ್ದಕ್ಕೆ ಮರಕುಟಿಗ ಹುಳ ಕೊಡುತ್ತಿತ್ತು. ಫೋನಿನಲ್ಲಿ ಆಟದ ನಡುವೆ ಸೋಪು, ಬಿಸ್ಕತ್ತಿನ ಜಾಹೀರಾತು ಬರುತ್ತಲ್ಲ, ಹಾಗೆ. ಯಾರಿಗೂ ತೊಂದರೆ ಇರಲಿಲ್ಲ. ಆ ಹೊತ್ತಿಗೆ ಮೊಲ ಎದ್ದು ಹೋಗಿ ನೀರು ಕುಡಿದು ಬರುತ್ತಿತ್ತು.

ಒಂದು ದಿನ ಮರಕುಟಿಗ ಗೊಣಗಿತು. "ನೀನು ಎಲ್ಲರಿಗೂ ಕೂಗ್ತೀಯ. ಕಪ್ಪೆಗೆ ಯಾಕೆ ಪೊಟರೆ? ಯಾರಿಗೆ ಬೇಕೋ ಅವರ ಕಿವಿಯಲ್ಲಿ ಹೇಳು. ಹುಳ ಎರಡರಷ್ಟು ಕೊಡ್ತೀನಿ."

ಯಾರಿಗೆ ಏನು ಬೇಕು ಅಂತ ತಿಳಿಯೋದು ಹೇಗೆ? ಗೊರವಂಕ ಕೇಳೋಕೆ ಶುರು ಮಾಡಿತು. "ಮನೆ ಸೋರುತ್ತಾ? ಮಕ್ಕಳೆಷ್ಟು? ಎಷ್ಟು ಹೊತ್ತಿಗೆ ಮಲಗ್ತೀರಿ?" ಕತೆ ಕೇಳುವ ಆತುರದಲ್ಲಿ ಎಲ್ಲ ಹೇಳಿದವು. ಅಳಿಲಿಗೆ ಹೊಸ ಪೊಟರೆ ಸಿಕ್ಕಿತು. ಅದಕ್ಕೆ ಖುಷಿಯೋ ಖುಷಿ.

ಆಗಲೇ ಬೆಟ್ಟ ಹತ್ತುವ ಆಮೆಯ ಕತೆ ನಡೆಯುತ್ತಿತ್ತು. ಆಮೆ ಅರ್ಧ ಬೆಟ್ಟದಲ್ಲಿದ್ದಾಗ ಕಲ್ಲವ್ವ ಜ್ವರ ಬಂದು ಮಲಗಿದಳು. ಗಂಡನಿಗೆ ಆ ಎರಡು ಮಾತು ಹೇಳಿದಳು. ಏಳಲಿಲ್ಲ.

ದುಂಡಪ್ಪ ಆರು ದಿನ ಮರದ ಕಡೆ ಹೋಗಲಿಲ್ಲ. ಏಳನೇ ಸಂಜೆ ಹೋದ. ಎಂದಿನ ಜಾಗದಲ್ಲಿ ಕೂತ. ಪಕ್ಕದಲ್ಲಿ ಇನ್ನೊಂದು ಹೆಗ್ಗಣ ಕೂರುವಷ್ಟು ಜಾಗ ಬಿಟ್ಟ.

ಆಮೆ ಇನ್ನೂ ಅರ್ಧ ಬೆಟ್ಟದಲ್ಲೇ ಇತ್ತು. ಗೊರವಂಕ ಕತೆ ಎಳೆಯುತ್ತಿತ್ತು.

"ದುಂಡಪ್ಪ ಮಾವ, ನಿಮಗೆ ಏನು ಇಷ್ಟ?"

"ಕಡಲೆಕಾಯಿ."

"ಅಯ್ಯೋ, ಆಚೆ ಹೊಲದಲ್ಲಿ ಕಿತ್ತು ಬಿಟ್ಟ ಕಾಯಿ ಬೇಕಾದಷ್ಟಿದೆ. ಹೊರಗೆ ಹೋಗೋದು ಎಷ್ಟು ಹೊತ್ತಿಗೆ?"

"ಹೊತ್ತು ಮುಳುಗೋ ಮುಂಚೆ," ಅಂದ ದುಂಡಪ್ಪ. ಮನೆಯಲ್ಲಿ ಅವನನ್ನು ಏನಾದರೂ ಕೇಳುವವರು ಇರಲಿಲ್ಲ. ಕೇಳಿದ್ದೇ ಹಿತವಾಯಿತು.

ಎಲ್ಲರೂ ಹೋದ ಮೇಲೆ ಕಾಡುಬೆಕ್ಕು ಮರದ ಕೆಳಗೆ ಬಂತು. ಬಾಯಿ ತುಂಬ ಮಿಡತೆ. ಸುರಿದು ಹೇಳಿತು.

"ಗೊರವಂಕವ್ವ, ನಾನೂ ಒಂದು ವ್ಯಾಪಾರ ಇಟ್ಟಿದ್ದೀನಿ. ಹೆಗ್ಗಣಗಳಿಗೆ ಸಂಬಂಧಪಟ್ಟಿದ್ದು. ಅವರ ವಿಷಯ ಏನಿದ್ದರೂ ಹೇಳು."

ಏನು ವ್ಯಾಪಾರ ಅಂತ ಗೊರವಂಕ ಕೇಳಬೇಕಿತ್ತು. ಬಾಯಲ್ಲಿ ಮಿಡತೆ ಇತ್ತು. ಕೇಳಲಿಲ್ಲ. ನುಂಗಿ, ತಿಳಿದಿದ್ದನ್ನು ಹೇಳಿತು.

ಮರುದಿನ ಹೊತ್ತು ಮುಳುಗೋ ಮುಂಚೆ ದುಂಡಪ್ಪ ಕಡಲೆಕಾಯಿಗೆ ಹೋದ. ಕಾಯಿ ಇತ್ತು. ಬೆಕ್ಕೂ ಇತ್ತು. ಬಾಲದ ತುದಿ ಕಳೆದುಕೊಂಡು, ಹೇಗೋ ಬಿಲಕ್ಕೆ ಬಂದು ಬಿದ್ದ.

"ನಾನು ಬರೋ ಹೊತ್ತು ಇದಕ್ಕೆ ಹೇಗೆ ಗೊತ್ತು?" ಅಂತ ಯೋಚಿಸಿದ. ನಿಧಾನವಾಗಿ ಯೋಚಿಸಿದ. ಬೇಗ ಯೋಚಿಸೋದು ಕಲ್ಲವ್ವನ ಕೆಲಸವಾಗಿತ್ತು.

ಮಾರನೇ ಸಂಜೆ ಮರದ ಕೆಳಗೆ ಕೂತು ನೆಲ ನೋಡಿದ. ಮಿಡತೆಯ ರೆಕ್ಕೆ ಬಿದ್ದಿದ್ದವು. ಅದರ ಪಕ್ಕ ಕೆಸರಲ್ಲಿ ಬೆಕ್ಕಿನ ಹೆಜ್ಜೆ. ಆಗ ಅರ್ಥವಾಯಿತು.

ಮೇಲಿನಿಂದ ಗೊರವಂಕ ಹೇಳುತ್ತಿತ್ತು. "ಆಮೆ ಕೊನೇ ಬಂಡೆ ಹತ್ತುತ್ತಾ ಇದೆ. ಒಂದು ಕಾಲು ಮೇಲಿಟ್ಟಿತು. ಇನ್ನೊಂದು ಕಾಲು ಜಾರಿತು! ಆಮೇಲೆ..."

"ಆಮೇಲೆ?"

"ಆಮೇಲೆ, ದುಂಡಪ್ಪ ಮಾವ, ನಿಮ್ಮ ಬಿಲಕ್ಕೆ ಹಿಂದಿನ ಬಾಗಿಲು ಇದೆಯಂತಲ್ಲ. ಎಲ್ಲಿ?"

ದುಂಡಪ್ಪ ಮತ್ತೆ ಆ ಬೆಕ್ಕಿನ ಹೆಜ್ಜೆ ನೋಡಿದ. ಹೇಳಿದರೆ ಕಲ್ಲವ್ವನ ಒಂದು ಮಾತು ತಪ್ಪುತ್ತದೆ, ಜೊತೆಗೆ ತನ್ನ ಪ್ರಾಣವೂ ಹೋಗುತ್ತದೆ. ಹೇಳದಿದ್ದರೆ ಅವಳ ಇನ್ನೊಂದು ಮಾತು ತಪ್ಪುತ್ತದೆ.

"ಬೇಗ ಹೇಳಪ್ಪೋ!" ಅಂತು ಮೊಲ. "ಆಮೆ ನೇತಾಡ್ತಾ ಇದೆ!"

ದುಂಡಪ್ಪ ಮೀಸೆ ಒರೆಸಿಕೊಂಡ. "ಹುತ್ತದ ಪಕ್ಕ," ಅಂದ. "ಲಂಟಾನದ ಕೆಳಗೆ. ದೊಡ್ಡ ತೂತು. ಮೂಗು ತೂರಿಸಿದರೆ ಸಾಕು, ನಾನೇ ಸಿಗ್ತೀನಿ. ಈಗ ಆಮೆ ವಿಷಯ ಹೇಳು."

"ಆಮೆ ಹತ್ತಿತು," ಅಂತು ಗೊರವಂಕ. "ಹತ್ತಿದ್ದೇ ಆ ಕಡೆ ಉರುಳಿತು. ಉರುಳಿ ಉರುಳಿ ದಪ್ಪಂತ ನೀರಿಗೆ ಬಿತ್ತು. ನೋಡಿದರೆ ತನ್ನದೇ ಕೆರೆ!"

ಎಲ್ಲರೂ ನಕ್ಕರು. ದುಂಡಪ್ಪನೂ ನಕ್ಕ. ಪಕ್ಕಕ್ಕೆ ತಿರುಗಿದ. ಯಾರೂ ಇರಲಿಲ್ಲ. ಎದ್ದು ಲಂಟಾನದ ಕಡೆ ಓಡಿದ.

ಅಲ್ಲಿ ಇದ್ದದ್ದು ಮುಳ್ಳುಹಂದಿ ಅಜ್ಜಿಯ ಬಿಲ.

"ಅಜ್ಜಿ, ಇವತ್ತು ಬಾಗಿಲಿಗೆ ಬೆನ್ನು ಹಾಕಿ ಕೂತ್ಕೋ. ನೆಂಟರು ಬರ್ತಾರೆ."

"ಯಾರ ಕಡೆಯವರೋ?"

"ಬೆಕ್ಕಿನ ಕಡೆಯವರು."

"ಬರಲಿ ಬರಲಿ," ಅಂತು ಅಜ್ಜಿ. ಮುಳ್ಳೆಲ್ಲ ಕೊಡವಿಕೊಂಡಿತು.

ಸ್ವಲ್ಪ ಹೊತ್ತಿಗೆ, ಗೊರವಂಕ ಹೇಳಿದ ಗುರುತು ಹಿಡಿದು ಕಾಡುಬೆಕ್ಕು ಬಂತು. ತೂತು ನೋಡಿತು. ನಾಲಿಗೆ ಸವರಿಕೊಂಡು ಮೂಗು ತೂರಿಸಿತು.

ಅದು ಅರಚಿದ್ದು ಕೆರೆಯ ಆಚೆ ದಡಕ್ಕೂ ಕೇಳಿತು.

ಮೂಗಿನ ತುಂಬ ಮುಳ್ಳು ಚುಚ್ಚಿಸಿಕೊಂಡು ಬೆಕ್ಕು ಹೊಂಗೆ ಮರಕ್ಕೆ ಓಡಿತು. "ನನ್ನ ಮಿಡತೆ ವಾಪಸ್ ಕೊಡೇ!"

"ತಿಂದಾಯ್ತಲ್ಲ," ಅಂತು ಗೊರವಂಕ.

"ಹಾಗಾದರೆ ನೀನೇ ಬಾ!" ಬೆಕ್ಕು ಮರಕ್ಕೆ ನೆಗೆಯಿತು. ಗೊರವಂಕ ಹಾರಿತು. ಬಾಲ ಮಾತ್ರ ಬೆಕ್ಕಿನ ಬಾಯಲ್ಲೇ ಉಳಿಯಿತು. ಹೆಗ್ಗಣಕ್ಕೆ ಅಂತ ಕೂತ ಬೆಕ್ಕಿಗೆ ಅವತ್ತು ಸಿಕ್ಕಿದ್ದು ನಾಲ್ಕು ಪುಕ್ಕ.

ದುಂಡಪ್ಪ ಬಿಲಕ್ಕೆ ಬಂದ. ಕಲ್ಲವ್ವ ಮಲಗುತ್ತಿದ್ದ ಮೂಲೆಯ ಕಡೆ ತಿರುಗಿ ಹೇಳಿದ. "ಹತ್ತಿತಂತೆ. ಬಾಗಿಲು ಹೇಳಲಿಲ್ಲ." ಮಲಗಿದ.

ಮರುದಿನ ಬೆಳಿಗ್ಗೆ ಬೇಗ ಎದ್ದ. ಹುಲ್ಲಿನಲ್ಲಿ ಹುಡುಕಿ ಎರಡು ದಪ್ಪ ಮಿಡತೆ ಹಿಡಿದ. ಹೊಂಗೆ ಮರದ ಕೆಳಗೆ ಇಟ್ಟ. ಮೇಲೆ ಗೊರವಂಕ ಬಾಲ ಇಲ್ಲದೆ ಮುದುಡಿ ಕೂತಿತ್ತು.

"ಏನಿದು ಮಾವ?"

"ಆಮೆ ಕತೆಗೆ. ನನ್ನದೊಂದು, ಅವಳದೊಂದು."

ಗೊರವಂಕ ತಲೆ ತಗ್ಗಿಸಿತು. ಆದರೆ ಹಳೇ ಚಾಳಿ ಎಲ್ಲಿ ಹೋಗುತ್ತದೆ? "ಎಷ್ಟು ದಪ್ಪ ಇದೆ! ಎಲ್ಲಿ ಹಿಡಿದಿರಿ ಮಾವ?"

"ಅದೆಲ್ಲ ನಿನಗೆ ಯಾಕವ್ವ," ಅಂದ ದುಂಡಪ್ಪ. ಎಂದಿನ ಜಾಗದಲ್ಲಿ ಕೂತ. "ತಿಂದು ಹೊಸ ಕತೆ ಹೇಳು."

ನೀತಿ: ಬಿಟ್ಟಿ ಕತೆ ಕೇಳುವಾಗ ಹೇಳುವವರ ಹೊಟ್ಟೆ ತುಂಬಿಸುತ್ತಿರುವುದು ಯಾರು ಅಂತ ನೋಡಿಕೊಳ್ಳಿ, ಕತೆಗೆ ಮಿಡತೆ ಕೊಡಿ, ಮನೆಯ ಹಿಂದಿನ ಬಾಗಿಲು ಕೊಡಬೇಡಿ.