ಕಲ್ಲಗೊಣ್ಣಿ ಕೆರೆಯ ಇಳಿಜಾರು

ಪೂಜ್ಯ ಈರಮ್ಮತಾಯಿಯವರು ಕಲ್ಲಗೊಣ್ಣಿಯ ಕೆರೆ ಏರಿಯ ಪಕ್ಕ ಮಣ್ಣಿನ ಗುಡಿಸಲೊಂದರಲ್ಲಿ ವಾಸವಾಗಿದ್ದರು. ಒಂದು ಚಾಪೆ, ಕಂಬಳಿ, ತಂಬಿಗೆ. ಅವರ ಮಠವೆಂದರೆ ಇಷ್ಟೇ. ಹೂಳು ತುಂಬಿದ್ದ ಆ ಕೆರೆಯನ್ನು ಅಗೆಸಿದವರು ವಿರೂಪಣ್ಣ ಎಂಬ ಎಂಜಿನಿಯರು. ಹೆಚ್ಚು ನೀರು ನಿಲ್ಲಲೆಂದು ದಂಡೆಯನ್ನು ಯಂತ್ರದಿಂದ ಗೋಡೆಯಂತೆ ನೇರವಾಗಿ ಕಡಿಸಿ, ಅಂಚಿನ ಜೊಂಡುಹುಲ್ಲನ್ನೆಲ್ಲ ಕೀಳಿಸಿದ್ದರು. ಕೆರೆ ತುಂಬಿತು, ಊರು ಹೊಗಳಿತು. ಆ ಸಂತೋಷದಲ್ಲೇ ಅವರು ಮಗಳು ಗಿರಿಜೆಯನ್ನು ಕೆರೆ ತೋರಿಸಲು ಕರೆತಂದರು. ಅವರು ದೂರದಲ್ಲಿ ಊರವರೊಡನೆ ಮಾತಿಗೆ ನಿಂತಿದ್ದಾಗ, ಕಾಲು ತೊಳೆಯಲು ಬಾಗಿದ ಮಗು ನೀರಿಗೆ ಜಾರಿತು. ಮುಂದಿನದನ್ನು ಬರೆಯಲು ನನಗೆ ಕೈ ಬಾರದು.

ಮಗಳ ಅಂತ್ಯಕರ್ಮಗಳೆಲ್ಲ ಮುಗಿದ ಮರುದಿನ ವಿರೂಪಣ್ಣ ತಾಯಿಯವರ ಮುಂದೆ ಬಂದು ನಿಂತರು. ನಮಸ್ಕರಿಸಲಿಲ್ಲ. ದೇವರು, ಗುರು ಎಂದರೆ ಮೊದಲಿನಿಂದಲೂ ಅವರಿಗೆ ಅಷ್ಟಕ್ಕಷ್ಟೆ.

“ಈ ಕೆರಿ ನನ್ ಮಗಳನ್ನ ನುಂಗೈತ್ರಿ. ನಾಳೆ ಏರಿ ಒಡಿಸಿ ನೀರೆಲ್ಲ ಬಿಟ್ಟುಬಿಡ್ತೀನಿ. ನೀವು ಗುಡಿಸ್ಲು ಖಾಲಿ ಮಾಡ್ರಿ,” ಎಂದರು.

ನಮ್ಮಂಥವರಾಗಿದ್ದರೆ ಕೆಳಗಿನ ಹೊಲ, ಬಾವಿ, ದನಕರು, ಹಕ್ಕಿಗಳ ಗತಿಯೇನೆಂದು ವಾದಕ್ಕೆ ನಿಲ್ಲುತ್ತಿದ್ದೆವು. ವಿಧಿಯ ಬಗ್ಗೆ ಒಂದಿಷ್ಟು ಉಪದೇಶವನ್ನೂ ಬಿಗಿಯುತ್ತಿದ್ದೆವು. ತಾಯಿಯವರಾದರೋ ಎದ್ದು, ಗಿರಿಜೆ ಜಾರಿದ ಜಾಗಕ್ಕೇ ನಡೆದು, ನೀರಿಗಿಳಿಯಲು ಕಾಲು ಚಾಚಿದರು. ಮುಪ್ಪಿನ ಕಾಲು ಜಾರಿತು. ವಿರೂಪಣ್ಣ ಓಡಿಬಂದು ಅವರ ರಟ್ಟೆ ಹಿಡಿದು ಮೇಲಕ್ಕೆಳೆದರು.

ತಾಯಿಯವರ ಕಣ್ಣು ತುಂಬಿತ್ತು. “ನೀ ಇದ್ದಿ, ನನ್ನ ಹಿಡಕೊಂಡಿ. ಆ ಕೂಸಿಗೆ ಹಿಡಕೊಳ್ಳಾಕ ಒಂದು ಹುಲ್ಲೂ ಇರಲಿಲ್ಲಲ್ಲೋ ತಮ್ಮಾ,” ಎಂದರು.

ಮಗಳ ಚಿತೆಯ ಮುಂದೆಯೂ ಅಳದಿದ್ದ ಮನುಷ್ಯ ಅಲ್ಲೇ ಕುಸಿದು, ಮಣ್ಣಿಗೆ ಹಣೆ ಹಚ್ಚಿ ಗೋಳೋ ಎಂದು ಅತ್ತರು. “ನಾನೇ ಕಡಿಸಿದ್ನಿ ಯವ್ವಾ, ನಾನೇ ಕೀಳಿಸಿದ್ನಿ,” ಎಂಬುದೊಂದೇ ಮಾತು. ತಾಯಿಯವರು ಅವರ ಬೆನ್ನ ಮೇಲೆ ಕೈಯಿಟ್ಟು ಬಹಳ ಹೊತ್ತು ಕುಳಿತಿದ್ದರು. ನಿನ್ನ ತಪ್ಪಿಲ್ಲ ಎನ್ನಲಿಲ್ಲ. ಕೊನೆಗೆ ಒಂದು ಗುದ್ದಲಿ ತರಿಸಿ ಅವರ ಕೈಗಿತ್ತು, “ಇಳಿಜಾರು ಮಾಡಪ್ಪಾ,” ಎಂದರು.

ಏರಿ ಒಡೆಯುವ ಮಾತು ಮತ್ತೆ ಬರಲಿಲ್ಲ. ಬೇಸಿಗೆಯುದ್ದಕ್ಕೂ ವಿರೂಪಣ್ಣ ಆಳುಗಳ ಜೊತೆ ತಾವೂ ಅಗೆದರು. ದಂಡೆ ಕೆರೆಯ ಸುತ್ತಲೂ ನಿಧಾನವಾಗಿ ನೀರಿಗಿಳಿಯುವಂತಾಯಿತು. ಅಂಚಿನಲ್ಲಿ ಮತ್ತೆ ಜೊಂಡು ಚಿಗುರಿತು.

ಮಳೆಗಾಲದಲ್ಲಿ ಕೆರೆ ತುಂಬಿದಾಗ ಕುರಿಗಾರರ ಹುಡುಗಿಯೊಬ್ಬಳು ಆಡುತ್ತ ಆಡುತ್ತ ನೀರಿಗಿಳಿದಳು. ಏರಿಯ ಮೇಲೆ ತಾಯಿಯವರ ಜೊತೆ ನಿಂತಿದ್ದ ವಿರೂಪಣ್ಣ ಹಿಡಿಯಲೆಂದು ಹೆಜ್ಜೆ ಮುಂದಿಟ್ಟರು. ಹುಡುಗಿ ಜಾರಿದಳು, ಮೊಣಕಾಲುದ್ದದ ನೀರಿನಲ್ಲಿ ಕುಕ್ಕರಿಸಿದಳು, ತಾನೇ ಎದ್ದು ನಗುತ್ತ ದಡಕ್ಕೆ ನಡೆದು ಬಂದಳು.

ವಿರೂಪಣ್ಣ ತಾಯಿಯವರ ಪಾದಗಳನ್ನು ಬಿಗಿಯಾಗಿ ಹಿಡಿದುಕೊಂಡರು. “ಈಕಿ ಹೊರಗ ಬಂದ್ಲು ಯವ್ವಾ,” ಎಂದು ಬಿಕ್ಕಿದರು. “ಈಕಿ ಹೊರಗ ಬಂದ್ಲು ನೋಡ್ರಿ.”