ಆನೆಗೆ ಪಾಠ ಒಪ್ಪಿಸಿದ ಗೊರವಂಕ

ಕಾಡಿನ ಪ್ರಾಣಿಗಳು ತಿನಿಸನ್ನು ಎಲ್ಲಿ ಬಚ್ಚಿಟ್ಟರೂ ಆನೆಗೆ ಹೇಳಿಹೋಗುತ್ತಿದ್ದವು. ಮರೆತಾಗ ಬಂದು ಕೇಳುತ್ತಿದ್ದವು. "ನನಗೇನಾದರೂ ಆದರೆ ಇವಕ್ಕೆಲ್ಲ ಉಪವಾಸವೇ ಗತಿ" ಎಂದು ಯೋಚಿಸಿದ ಆನೆ ಗೊರವಂಕ ಹಕ್ಕಿಯನ್ನು ಕರೆಯಿತು.

"ಮೊದಲು ಹಳೆಯದನ್ನೆಲ್ಲ ಬಾಯಿಪಾಠ ಮಾಡು. ಆಮೇಲೆ ಹೊಸದು ಬಂದ ಹಾಗೆಲ್ಲ ನಾನು ಹೇಳುತ್ತೇನೆ, ಕೂಡಲೇ ಒಪ್ಪಿಸು. ನಿನ್ನದೊಂದು ಮಾತೂ ಸೇರಬಾರದು."

ಒಂದು ದಿನ ಹೊಳೆಯ ಬಳಿ ಮುಳ್ಳುಹಂದಿ ಗೊರವಂಕವನ್ನು ತಡೆಯಿತು. "ನನ್ನ ಗೆಣಸನ್ನು ಹುತ್ತದ ಹಿಂದಕ್ಕೆ ಸಾಗಿಸಿದ್ದೇನೆ, ನೆನಪಿಟ್ಟುಕೋ. ಆನೆಯ ತನಕ ಯಾರು ನಡೆಯುತ್ತಾರೆ?"

"ಆನೆಯಣ್ಣನಿಗೇ ಹೇಳು ಮಾರಾಯ. ಅವನೊಂದು ಜಾಗ, ನಾನೊಂದು ಜಾಗ ಹೇಳಿದರೆ ನಿನಗೆ ಗೆಣಸು ಸಿಕ್ಕ ಹಾಗೇ!"

"ಸ್ವಂತ ಮಾತೇ ಇಲ್ಲದ ಹಕ್ಕಿ!" ಎಂದು ಗೊಣಗುತ್ತಾ ಮುಳ್ಳುಹಂದಿ ಆನೆಯ ಬಳಿಗೆ ನಡೆಯಿತು.

ಆ ಮಳೆಗಾಲದಲ್ಲಿ ಆನೆ ಹೊಳೆಯಾಚೆ ಮೇಯುತ್ತಿದ್ದಾಗ ಪ್ರವಾಹ ಬಂದು, ಹದಿನೈದು ದಿನ ಈಚೆಗೆ ದಾಟಲಾಗಲಿಲ್ಲ. ಹಸಿದ ಪ್ರಾಣಿಗಳು ಗೊರವಂಕದ ಮರದಡಿ ಸೇರಿದವು. ಅದು ಪ್ರತಿಯೊಂದಕ್ಕೂ ಅದರದರ ಜಾಗ ಹೇಳಿತು, ಒಂದೂ ತಪ್ಪಲಿಲ್ಲ. ಮುಳ್ಳುಹಂದಿ ಹುತ್ತದ ಹಿಂದೆ ಹೊಟ್ಟೆ ಬಿರಿಯೆ ಗೆಣಸು ತಿಂದಿತು.

"ಹೊಸದನ್ನು ಯಾರಿಗೆ ಹೇಳಲಿ?" ಎಂದು ಅಳಿಲು ಕೇಳಿತು.

"ಇನ್ನು ಮೇಲೆ ನನಗೇ ಹೇಳು" ಎಂದಿತು ಗೊರವಂಕ.

ನೀರಿಳಿದು ಆನೆ ಮರಳಿದಾಗ ಕಾಡೆಲ್ಲ ಕುಣಿದಾಡಿತು. ಅಳಿಲು ಓಡಿಬಂದು, ಆಗಷ್ಟೇ ಬಚ್ಚಿಟ್ಟ ಹಲಸಿನ ಬೀಜದ ಜಾಗ ಹೇಳತೊಡಗಿತು. ಆನೆ ಸೊಂಡಿಲೆತ್ತಿ ತಡೆಯಿತು.

"ನನಗಲ್ಲಪ್ಪ! ಹದಿನೈದು ದಿನದ ಸುದ್ದಿಯೇ ನನಗೆ ಗೊತ್ತಿಲ್ಲ."

ಆಮೇಲೆ ಅದು ಗೊರವಂಕದ ಮರದಡಿ ಮೊಣಕಾಲೂರಿ ಕೂತು ಹೇಳಿತು:

"ಶುರು ಮಾಡಮ್ಮ. ಈಗ ನೀನು ಹೇಳು, ನಾನು ಒಪ್ಪಿಸುತ್ತೇನೆ."