ಅರ್ಧ ಎಣಿಕೆ ತಡ

“ಅಮ್ಮ, ಯಾವ ರಾಗ ಹಾಡಿದರೆ ಯಾವ ಕಾಯಿಲೆ ವಾಸಿಯಾಗುತ್ತದೆ?” ಹೊಸದಾಗಿ ಪಾಠಕ್ಕೆ ಸೇರಿದ ನಳಿನಿ ಕೇಳಿದಳು. ಭಾನುವಾರ ಅವಳು ಆಸ್ಪತ್ರೆಯೊಂದರಲ್ಲಿ ರೋಗಿಗಳ ಮುಂದೆ ಹಾಡಬೇಕಿತ್ತು.

ಅಲಮೇಲಮ್ಮನವರು ತಂಬೂರಿ ಕೆಳಗಿಟ್ಟು ಹೇಳತೊಡಗಿದರು.

ಒಂದು ಊರಲ್ಲಿ ಒಬ್ಬ ಗಾಯಕಿ ಇದ್ದಳು. ಗಡಿಯಾರ ತಪ್ಪಬಹುದು, ಅವಳ ತಾಳ ತಪ್ಪದು ಎಂದು ಜನ ಹೇಳುತ್ತಿದ್ದರು. ಆ ಒಂದು ಮಾತಿನ ಮೇಲೆಯೇ ಅವಳ ಹೆಸರು ನಿಂತಿತ್ತು. ಅದೇ ಬೀದಿಯಲ್ಲಿ ಮೃದಂಗ ಕಲಿಸುತ್ತಿದ್ದ ಒಬ್ಬ ಮುದುಕನಿದ್ದ. ಹೆಂಡತಿ ತೀರಿಕೊಂಡ ಮೇಲೆ ಅವನು ಮಾತು ಬಿಟ್ಟ, ಅನ್ನ ಬಿಟ್ಟ, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ. ದಿಕ್ಕು ತೋಚದೆ ಸೊಸೆ ಹೋಗಿ ಗಾಯಕಿಯನ್ನು ಕರೆತಂದಳು.

ಗಾಯಕಿ ಮೂರು ದಿನ ಹಾಡಿದಳು. ದಿನಕ್ಕೊಂದು ರಾಗ, ಎಲ್ಲಿಯೂ ಲೋಪವಿಲ್ಲ. ಮುದುಕ ಹೊರಳಲಿಲ್ಲ. ನಾಲ್ಕನೆಯ ದಿನ ಕೆಮ್ಮು ಬಂದು, ಪಲ್ಲವಿಯನ್ನು ಅರ್ಧ ಎಣಿಕೆ ತಡವಾಗಿ ಎತ್ತಿಕೊಂಡಳು. ಮುದುಕ ಫಟ್ಟನೆ ತೊಡೆ ತಟ್ಟಿದ.

“ತಡವಾಯಿತು! ಯಾವ ಪುಣ್ಯಾತ್ಮ ಕಲಿಸಿದನಮ್ಮ ನಿನಗೆ? ನಮ್ಮ ಮನೆ ಹಸುವಿಗಿದ್ದ ಲಯವೂ ನಿನಗಿಲ್ಲವಲ್ಲ!”

ಅವತ್ತು ಬೈಯುತ್ತ ಬೈಯುತ್ತಲೇ ಎರಡು ತುತ್ತು ಉಂಡ. ಮರುದಿನ ಅವಳು ತಿದ್ದಿಕೊಂಡು ಹಾಡಿದಳು. ಅವನು ಮತ್ತೆ ಗೋಡೆಗೆ ತಿರುಗಿದ. ಗಾಯಕಿಗೆ ಅರ್ಥವಾಯಿತು. ಅಲ್ಲಿಂದ ಮುಂದೆ ದಿನಕ್ಕೊಂದು ಕಡೆ ಬೇಕೆಂದೇ ತಪ್ಪಿದಳು. ಮುದುಕ ಎದ್ದು ಕೂತ, ಬೆರಳು ಮಡಿಸಿ ಎಣಿಸಿ ತೋರಿಸಿದ. ತಿಂಗಳಾಗುವಷ್ಟರಲ್ಲಿ ಗವಸು ಬಿಚ್ಚಿ ಮೃದಂಗವನ್ನೇ ಹತ್ತಿರಕ್ಕೆ ಎಳೆದುಕೊಂಡ.

ಬಾಗಿಲಲ್ಲಿ ನಿಂತು ಕೇಳಿದ ನೆರೆಯವರು ಸುಮ್ಮನಿರುತ್ತಾರೆಯೇ? ಯಾರೋ ಅವಳ ತಪ್ಪುಗಳನ್ನು ಫೋನಿನಲ್ಲಿ ಹಿಡಿದು ಊರಿಗೆಲ್ಲ ಕಳಿಸಿದರು. ವರ್ಷವರ್ಷವೂ ಅವಳ ಕಚೇರಿ ಮಾಡಿಸುತ್ತಿದ್ದ ಸಂಗೀತ ಸಭೆಯವರು ಮನೆಗೇ ಬಂದು, “ಈ ವರ್ಷ ವಿಶ್ರಾಂತಿ ತೆಗೆದುಕೊಳ್ಳಿ ಅಮ್ಮ” ಎಂದರು. ನಡೆದದ್ದನ್ನು ಹೇಳಿದ್ದರೆ ಅವಳ ಹೆಸರು ಉಳಿಯುತ್ತಿತ್ತು. ಆದರೆ ಆ ಮಾತು ಸಂಜೆಯೊಳಗೆ ಮುದುಕನ ಕಿವಿಗೂ ಬೀಳುತ್ತಿತ್ತು. ಅವಳು ಅವರಿಗೆ ಕಾಫಿ ಕೊಟ್ಟು ಕಳಿಸಿದಳು.

ಅಲಮೇಲಮ್ಮನವರು ಅಷ್ಟಕ್ಕೆ ನಿಲ್ಲಿಸಿದರು. ನಳಿನಿಗೆ ತಡೆಯಲಾಗಲಿಲ್ಲ.

“ಇದು ಅನ್ಯಾಯ, ಅಮ್ಮ! ಕೊನೆಗಾದರೂ ಆಕೆ ನಿಜ ಹೇಳಲಿಲ್ಲವೇ?”

“ಆ ಮುದುಕರು ಈಗಲೂ ದಿನಾ ಹೊಟ್ಟೆ ತುಂಬ ಉಣ್ಣುತ್ತಾರೆ, ಬಾಯಿ ತುಂಬ ಬೈಯುತ್ತಾರೆ, ನಾನೇಕೆ ಹೇಳಲಿ?”